ಅಟ್ಟದ ಮೇಲೆ ಕೂತ ದುಡ್ಡು

ಮನೆಯಲ್ಲಿ ಬೇಡವಾದ ಸಾಮಾನನ್ನು ಮೊಬೈಲ್ ಮೂಲಕ ಮಾರಿ ನಾಲ್ಕು ಕಾಸು ಮಾಡಿಕೊಳ್ಳುವುದರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲುಪಾಲು ಮೈಸೂರು, ಮಂಡ್ಯ ಕಡೆಯ ಹೆಣ್ಣುಮಕ್ಕಳವು. ಕೆಲವರು ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕ, ನಮ್ಮ ಯಜಮಾನರ ಸಂಬಳ ಇಪ್ಪತ್ತನೇ ತಾರೀಕಿಗೇ ಮುಗಿದುಹೋಗುತ್ತೆ. ಮಾರೋಣ ಅಂದರೆ ಮನೆಯಲ್ಲಿ ಅಂಥದ್ದೇನೂ ಇಲ್ಲ. ಕಾಫಿಪುಡಿ ಸೀಸೆ, ತೆಂಗಿನ ಚಿಪ್ಪು, ರಟ್ಟಿನ ಡಬ್ಬ, ಮಗನ ಹಳೇ ಪುಸ್ತಕ, ಇಷ್ಟೇ. ಗುಜರಿಯವರು ಎಲ್ಲಾ ಸೇರಿ ಅರವತ್ತು ರೂಪಾಯಿ ಅಂತಾರೆ. ಇಂಥದ್ದನ್ನೂ ಮೊಬೈಲಲ್ಲಿ ಕೊಳ್ಳೋರು ಇದ್ದಾರಾ? – ಗುತ್ತಲು, ಮಂಡ್ಯ

ಉತ್ತರ: ಇದ್ದಾರೆ ತಂಗಿ. ಆದರೆ "ಇದಕ್ಕೆ ಎಷ್ಟು ಸಿಗುತ್ತೆ" ಅಂತ ಕೇಳಿಕೊಂಡರೆ ಗುಜರಿ ತಕ್ಕಡಿ ಹೇಳುವುದೇ ಉತ್ತರ. "ಇದನ್ನು ಯಾರು ಹುಡುಕುತ್ತಾ ಇದ್ದಾರೆ" ಅಂತ ಕೇಳಿಕೊಳ್ಳಿ.

ಇದು ನನಗೆ ತಿಳಿದದ್ದು ನಮ್ಮಪ್ಪನ ಟ್ರಂಕಿನಿಂದ. ಅಪ್ಪ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. 1961ರಲ್ಲಿ ಬೈಕು ತಯಾರಿಸಲು ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಪ್ಪ ತೀರಿಕೊಂಡ ವರ್ಷ ಅಟ್ಟದಿಂದ ಟ್ರಂಕು ಇಳಿಸಿದಾಗ ಅದರಲ್ಲಿ ಹಿಂದಿನ ದೀಪದ ಕೆಂಪು ಗಾಜು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಎರಡು ಹಾರ್ನು, ಮುಳ್ಳು ನಿಂತುಹೋದ ಒಂದು ಸ್ಪೀಡೋಮೀಟರ್ ಇದ್ದವು. ಗುಜರಿಯವರು ತೂಕ ಹಾಕಿ 180 ರೂಪಾಯಿ ಅಂದರು. ನಾನು ಕೊಟ್ಟೇಬಿಡುತ್ತಿದ್ದೆ. ಅಕ್ಕನ ಮಗ ತಡೆದು, ನಾಲ್ಕು ಫೋಟೊ ತೆಗೆದು, ಜಾವಾ ಯೆಜ್ಡಿ ಓಡಿಸುವವರ ಫೇಸ್‌ಬುಕ್ ಗುಂಪಿಗೆ ಹಾಕಿದ. ಹುಬ್ಬಳ್ಳಿಯವರೊಬ್ಬರು ಅದೇ ರಾತ್ರಿ ಫೋನ್ ಮಾಡಿದರು. ಮುಳ್ಳು ಆಡದ ಸ್ಪೀಡೋಮೀಟರ್ ಒಂದಕ್ಕೇ 2,500 ರೂಪಾಯಿ ಕೊಟ್ಟರು. ಆ ಬೈಕುಗಳನ್ನು ಜೀವದ ಹಾಗೆ ಕಾಪಾಡಿಕೊಂಡವರು ಇನ್ನೂ ಎಷ್ಟೋ ಜನ. ವರ್ಷವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಅವರೆಲ್ಲ ಗಾಡಿ ಹೊರಡಿಸುತ್ತಾರೆ. ಅವರಿಗೆ ಬೇಕಾದ ಹಳೇ ಭಾಗ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ನಮ್ಮಂಥವರ ಅಟ್ಟದಲ್ಲೇ ಇರುವುದು. ಅಪ್ಪನ ಕೈ ಮುಟ್ಟಿದ ಸಾಮಾನು ಕರಗಿಹೋಗದೆ ಯಾವುದೋ ಗಾಡಿಯಲ್ಲಿ ಓಡುತ್ತಿದೆ ಅನ್ನುವ ಸಮಾಧಾನ ನನಗೆ ದುಡ್ಡಿಗಿಂತ ದೊಡ್ಡದು.

ಈಗ ನಿಮ್ಮ ಸಾಮಾನಿಗೆ ಬರೋಣ. ಕಾಫಿಪುಡಿಯ ಗಾಜಿನ ಸೀಸೆ ಒಂದೊಂದೇ ಆದರೆ ಯಾರೂ ಬರುವುದಿಲ್ಲ. ಒಂದೇ ಅಳತೆಯದು ಆರೋ ಹನ್ನೆರಡೋ ಆಗುವವರೆಗೆ ಕೂಡಿಡಿ. ಲೇಬಲ್ ಅಂಟು ಹೋಗಲು ಬಿಸಿನೀರಲ್ಲಿ ನೆನೆಹಾಕಿ, ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ, ಅಡುಗೆ ಸೋಡಾ ಹಚ್ಚಿ ಉಜ್ಜಿ. ಉಪ್ಪಿನಕಾಯಿ ಮಾಡಿ ಮಾರುವವರು, ಮೇಣದಬತ್ತಿ ಮಾಡುವ ಹುಡುಗಿಯರು, ಮನಿಪ್ಲಾಂಟ್ ಇಡುವವರು ಇದನ್ನೇ ಹುಡುಕುತ್ತಿರುತ್ತಾರೆ. ಮುಚ್ಚಳ ಇದ್ದರೆ ಬೆಲೆಯೇ ಬೇರೆ. ರಟ್ಟಿನ ಡಬ್ಬ ಮೇ, ಜೂನ್‌ನಲ್ಲಿ ಹಾಕಿ, ಮನೆ ಬದಲಾಯಿಸುವವರು ಆಗಲೇ ಹೆಚ್ಚು. ಡಬ್ಬ ಬಿಚ್ಚಿ ಚಪ್ಪಟೆ ಮಾಡಿ ಕಟ್ಟಿಟ್ಟರೆ ಮಂಚದ ಕೆಳಗೆ ಹಿಡಿಯುತ್ತೆ. ಮಗನ ಪುಸ್ತಕದಲ್ಲಿ ಪಿಯುಸಿ, ಸಿಇಟಿ, ನೀಟ್ ಇದ್ದರೆ ಫಲಿತಾಂಶ ಬಂದ ವಾರವೇ ಹಾಕಿ. ಸಿಲೆಬಸ್ ಬದಲಾದರೆ ಅದು ಬರೀ ಕಾಗದ. ಚಿಪ್ಪಿನ ವಿಷಯ ಮುಂದಿನ ಪತ್ರದಲ್ಲಿ ಬರುತ್ತೆ.

ಫೋಟೊ ಬೆಳಗಿನ ಹೊತ್ತು ಬಾಗಿಲ ಹತ್ತಿರ ತೆಗೆಯಿರಿ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ. ಬಿರುಕು ಇದ್ದರೆ ಬಿರುಕಿನದೇ ಒಂದು ಫೋಟೊ ಇರಲಿ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಊನ ಮುಚ್ಚಿಟ್ಟು ಮಾರಿದ್ದು ನಾಳೆ ಜಗಳವಾಗಿ ಮನೆಬಾಗಿಲಿಗೇ ಬರುತ್ತೆ. ನಮ್ಮ ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಮೊದಲು ಹಾಕುತ್ತೇನೆ, ಆಮೇಲೆ ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಓಎಲ್‌ಎಕ್ಸ್. ಗಾಜಿನ ಸಾಮಾನನ್ನು ದೂರದ ಊರಿಗೆ ಕಳಿಸಬೇಡಿ. ಒಮ್ಮೆ ಹನ್ನೆರಡು ಸೀಸೆ ಬೆಂಗಳೂರಿಗೆ ಕೊರಿಯರ್ ಮಾಡಿದೆ, ಏಳು ಒಡೆದು ಮುಟ್ಟಿದವು. ಪೂರ್ತಿ ಹಣ ವಾಪಸ್ ಕೊಟ್ಟೆ, ಕೊರಿಯರ್ ಖರ್ಚೂ ನನ್ನ ಮೇಲೆಯೇ ಬಿತ್ತು. ಅಂದಿನಿಂದ "ಬಂದು ತೆಗೆದುಕೊಂಡು ಹೋಗಬೇಕು" ಅಂತ ಮೊದಲ ಸಾಲಲ್ಲೇ ಬರೆಯುತ್ತೇನೆ. ಬಂದವರಿಗೆ ಸಾಮಾನನ್ನು ಗೇಟಿನ ಹತ್ತಿರವೇ ಕೊಡಿ, ಮನೆಯಲ್ಲಿ ಒಬ್ಬರೇ ಇದ್ದಾಗ ಕರೆಸಬೇಡಿ.

ಪ್ರಶ್ನೆ: ಮದ್ದೂರಿನ ಎಳನೀರು ಮಾರುಕಟ್ಟೆ ಹತ್ತಿರವೇ ನಮ್ಮ ಮನೆ. ತೆಂಗಿನ ಚಿಪ್ಪಿನಲ್ಲಿ ಬಟ್ಟಲು, ಸೌಟು ಮಾಡಿ ನಯ ಮಾಡುವುದು ನಮ್ಮ ಭಾವನವರಿಗೆ ಬರುತ್ತೆ. ದೊಡ್ಡ ಆ್ಯಪ್‌ಗಳಲ್ಲಿ ಮಾರಲು ಜಿಎಸ್‌ಟಿ ನಂಬರ್ ಬೇಕೇ ಬೇಕು ಅಂತ ಹೆದರಿಸುತ್ತಾರೆ. ನಿಜವೇ? – ಮದ್ದೂರು

ಉತ್ತರ: ಹಿಂದೆ ಹಾಗೇ ಇತ್ತು. 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ದಾರಿ ಬಿಟ್ಟಿದ್ದಾರೆ. ವರ್ಷದ ವಹಿವಾಟು 40 ಲಕ್ಷದೊಳಗಿದ್ದು, ಕರ್ನಾಟಕದೊಳಗೆ ಮಾತ್ರ ಸಾಮಾನು ಮಾರುವುದಾದರೆ ಜಿಎಸ್‌ಟಿ ನೋಂದಣಿ ಇಲ್ಲದೆಯೂ ಆಗುತ್ತೆ. ಪ್ಯಾನ್ ಕಾರ್ಡ್ ಇಟ್ಟುಕೊಂಡು ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು, ಅದನ್ನು ಆ್ಯಪ್‌ನವರಿಗೆ ಕೊಡಬೇಕು. ಹೊರರಾಜ್ಯಕ್ಕೆ ಈ ರಿಯಾಯಿತಿ ಇಲ್ಲ. ಒಂದು ಮಾತು ನೆನಪಿರಲಿ, ಬಟ್ಟಲಿಗೆ ಬೇಕಾದದ್ದು ಬಲಿತ ಕಾಯಿಯ ಚಿಪ್ಪು. ಅದು ಎಳನೀರು ಅಂಗಡಿಯಲ್ಲಿ ಸಿಗದು, ಹೋಟೆಲಿನವರನ್ನೂ ಮದುವೆ ಅಡುಗೆಯವರನ್ನೂ ಕೇಳಿ.

ಪ್ರಶ್ನೆ: ಹಳೇ ಮಂಚ ಮಾರಲು ಹಾಕಿದ್ದೆ. ಸೈನ್ಯದಲ್ಲಿದ್ದೇನೆ, ಮೈಸೂರಿಗೆ ವರ್ಗ ಆಗಿದೆ ಅಂತ ಒಬ್ಬರು ಹಿಂದಿಯಲ್ಲಿ ಮಾತಾಡಿದರು. ಚೌಕಾಸಿಯನ್ನೇ ಮಾಡಲಿಲ್ಲ. ಹಣ ಬರಲು ಸ್ಕ್ಯಾನ್ ಮಾಡಿ ಅಂತ ಕ್ಯೂಆರ್ ಕೋಡ್ ಕಳಿಸಿದರು. ಎರಡು ಸಲದಲ್ಲಿ 9,000 ಹೋಯಿತು. ಮನೆಯಲ್ಲಿ ಇನ್ನೂ ಹೇಳಿಲ್ಲ. – ಕುವೆಂಪುನಗರ, ಮೈಸೂರು

ಉತ್ತರ: ಅಮ್ಮಾ, ಈ ಪತ್ರ ಓದುತ್ತಿದ್ದ ಹಾಗೇ ಪುಟ ಮಡಿಸಿ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆಂದೇ ಇರುವ ಸಂಖ್ಯೆ ಅದು. ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಕಳ್ಳರ ಖಾತೆಯಿಂದ ಮುಂದಕ್ಕೆ ಜಾರುವ ಮೊದಲು ತಡೆಯುವುದೇ ಅವರ ಕೆಲಸ, ಅದಕ್ಕೇ ಗಂಟೆಗಂಟೆಯೂ ಮುಖ್ಯ. ತಡವಾಗಿದೆ ಅಂತ ಸುಮ್ಮನಾಗಬೇಡಿ, ದೂರು ದಾಖಲಾಗಲಿ. ಆ ಚಾಟ್, ಆ ಫೋನ್ ನಂಬರ್ ಯಾವುದನ್ನೂ ಅಳಿಸಬೇಡಿ.

ಉಳಿದವರೂ ಕೇಳಿ. ನಮಗೆ ಹಣ ಬರಬೇಕಾದರೆ ನಾವು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ, ಯಾವ ಪಿನ್ನನ್ನೂ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ನಮ್ಮಿಂದ ಹೋಗುತ್ತೆ ಅಂತಲೇ ಅರ್ಥ. ಹಳೇ ಮಂಚಕ್ಕೆ ಚೌಕಾಸಿ ಮಾಡದವರು, ನೋಡದೆಯೇ ಒಪ್ಪಿದವರು ನಮ್ಮ ಗಿರಾಕಿಯಲ್ಲ. ನನಗೂ ಇಂಥ ಕರೆ ಮೂರು ಸಲ ಬಂದಿದೆ, ಮೂರರಲ್ಲೂ ಅದೇ ಸೈನ್ಯದ ಕಥೆ. ನಮ್ಮಲ್ಲಿ ಸೈನಿಕರ ಮೇಲಿರುವ ಗೌರವವನ್ನೇ ಗಾಳ ಮಾಡಿಕೊಂಡಿದ್ದಾರೆ ಪಾಪಿಗಳು.

ಮನೆಯಲ್ಲಿ ಹೇಳಿಬಿಡಿ. ತಪ್ಪು ಮಾಡಿದ್ದು ಕದ್ದವನು, ನೀವಲ್ಲ. ಯಜಮಾನರಿಗೆ ಈ ಪುಟ ತೋರಿಸಿ, ನಾನು ಹೇಳಿದೆ ಅನ್ನಿ.

ಪ್ರಶ್ನೆ: ಟ್ರ್ಯಾಕ್ಟರ್ ಚಿತ್ರ ಇರುವ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡ್ತಾರಂತೆ. ಮೊದಲು 1,500 ರೂಪಾಯಿ ಕಟ್ಟಿ ಅಂತಾರೆ. – ಕೆ.ಆರ್.ಪೇಟೆ

ಉತ್ತರ: ಕಟ್ಟಬೇಡಿ. ಇಂಥ ವ್ಯವಹಾರ ತಾನು ಮಾಡುವುದಿಲ್ಲ, ಕಮಿಷನ್ನು ಶುಲ್ಕ ಯಾವುದನ್ನೂ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿದೆ.

ಪ್ರಶ್ನೆ: ನಮ್ಮ ತಾತ ಮೇಲುಕೋಟೆಯವರು. ಮನೆ ಕೆಡವುವಾಗ ತೊಲೆಯ ಮೇಲೆ ಓಲೆಗರಿಯ ಎರಡು ಕಟ್ಟು ಸಿಕ್ಕವು. ಅಂಚು ಹುಳು ತಿಂದಿದೆ, ಅಕ್ಷರ ನಮಗೆ ಓದಲು ಬರದು. ಫೋಟೊ ನೋಡಿದ ಒಬ್ಬರು 6,000 ಕೊಡುತ್ತೇನೆ ಅಂದಿದ್ದಾರೆ. ಕೊಡಲೇ? – ಶ್ರೀರಂಗಪಟ್ಟಣ

ಉತ್ತರ: ದಯವಿಟ್ಟು ಬೇಡ. ಕೈಮುಗಿದು ಕೇಳುತ್ತೇನೆ.

ಕಾನೂನಿನ ಮಾತು ಮೊದಲು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಎಪ್ಪತ್ತೈದು ವರ್ಷ ದಾಟಿದ ಮೌಲ್ಯವುಳ್ಳ ಹಸ್ತಪ್ರತಿ ಪ್ರಾಚ್ಯವಸ್ತು ಅನ್ನಿಸಿಕೊಳ್ಳುತ್ತೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಕಳಿಸಲು ನಮಗೆ ನಿಮಗೆ ಅವಕಾಶವೇ ಇಲ್ಲ. ಅದೇ ವರ್ಷದ ವನ್ಯಜೀವಿ ಕಾಯ್ದೆಯೂ ಇದೆ. ಹಳೇ ಮನೆಯ ಗೋಡೆಯಲ್ಲಿ ಜಿಂಕೆ ಕೊಂಬು, ಪೆಟ್ಟಿಗೆಯಲ್ಲಿ ಆನೆದಂತದ ಸಾಮಾನು ಇದ್ದವರು ಅದರ ಫೋಟೊ ಮಾರಾಟಕ್ಕೆ ಹಾಕಲೇಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಕಾನೂನು ಹಾಗಿರಲಿ. ನಿಮ್ಮ ಊರಿನಿಂದ ಅರ್ಧ ಗಂಟೆಯ ದಾರಿಯಲ್ಲಿ, ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ. 1891ರಲ್ಲಿ ಓರಿಯಂಟಲ್ ಲೈಬ್ರರಿ ಅಂತ ಶುರುವಾದದ್ದು. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಂದಷ್ಟು ಓಲೆಗರಿ ತಂದುಕೊಟ್ಟರು. ಗ್ರಂಥಪಾಲರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ, ಹೆಸರಷ್ಟೇ ಉಳಿದು ಪಠ್ಯವೇ ಕಳೆದುಹೋಗಿದೆ ಅಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆ ಪಂಡಿತರು ಅಂದು ಅದನ್ನು ಒಲೆಗೆ ಹಾಕಿದ್ದರೆ, ಬಿಡಿಬಿಡಿಯಾಗಿ ಮಾರಿದ್ದರೆ ಏನಾಗುತ್ತಿತ್ತು ಯೋಚಿಸಿ.

ನಿಮ್ಮ ಕಟ್ಟಿನಲ್ಲಿ ಇರುವುದು ಸ್ತೋತ್ರವೋ ಜಾತಕವೋ ಜಮೀನಿನ ಲೆಕ್ಕವೋ, ಓದುವವರು ಓದಬೇಕು. ನೀವು ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಹಾಕಬೇಡಿ, ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಇದ್ದ ದಾರ ಬಿಚ್ಚದೆ ಹಾಗೇ ಒಯ್ದು ಸಂಶೋಧನಾಲಯದಲ್ಲಿ ತೋರಿಸಿ. ಆರು ಸಾವಿರ ನಿಮ್ಮ ಮನೆಗೆ ಸಣ್ಣ ಮೊತ್ತವಲ್ಲ, ಗೊತ್ತು. ಕೆಡವಿದ ಮನೆಯ ಬಾಗಿಲವಾಡ, ಕಿಟಕಿಯ ಸರಳು, ನಾಡಹೆಂಚು ಇದ್ದೇ ಇರುತ್ತವಲ್ಲ? ಹೆಂಚನ್ನು ಹೊಸ ಮನೆ, ಹೋಂಸ್ಟೇ ಕಟ್ಟುವವರು ಎಣಿಸಿ ಕೊಳ್ಳುತ್ತಾರೆ. ನಿಮ್ಮ ಆರು ಸಾವಿರವನ್ನು ಅದರಲ್ಲಿ ಹುಡುಕಿ.

ಪ್ರಶ್ನೆ: ಅತ್ತೆಯವರ ಮೈಸೂರು ಸಿಲ್ಕ್ ಸೀರೆ ಮಡಿಕೆಯಲ್ಲೇ ಹರಿದಿದೆ. ಹಳೇ ಜರಿ ಸೀರೆ ಕೊಳ್ಳುವವರು ಬೀದಿಯಲ್ಲಿ ಕೂಗಿಕೊಂಡು ಬಂದು 500 ಅಂದರು. – ಸರಸ್ವತಿಪುರಂ, ಮೈಸೂರು

ಉತ್ತರ: ಅವರು ಜರಿ ಕರಗಿಸಿ ಬೆಳ್ಳಿ ತೆಗೆಯುವವರು. ಸರ್ಕಾರಿ ರೇಷ್ಮೆ ಕಾರ್ಖಾನೆಯ ಸೀರೆಯಾದರೆ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತೆ. ಕರಗಿಸಿದರೆ ಅಷ್ಟೇ, ಕರಗಿಸದಿದ್ದರೆ ಅದು ಅಂಚು, ಸೆರಗು. ಹರಿದ ಒಡಲನ್ನು ಬಿಟ್ಟು ಅಂಚನ್ನೂ ಸೆರಗನ್ನೂ ಬೇರೆ ಮಾಡಿ, ಉದ್ದ ಅಳೆದು ಬರೆದು ಹಾಕಿ. ರವಿಕೆ ಹೊಲಿಯುವವರು, ಬಟ್ಟೆ ಬಟುವಾ ಮಾಡುವವರು ಕೊಳ್ಳುತ್ತಾರೆ. ಎಲ್ಲರಿಗಿಂತ ಒಳ್ಳೆ ಬೆಲೆ ಕೊಡುವವರು ದಸರಾ ಗೊಂಬೆಗೆ ಸೀರೆ ಉಡಿಸುವವರು. ಕತ್ತರಿ ಹಾಕುವ ಮೊದಲು ಅತ್ತೆಯವರನ್ನು ಒಂದು ಮಾತು ಕೇಳಿ.

ಪ್ರಶ್ನೆ: ಹೊಸ ಮೊಬೈಲಿನ ಖಾಲಿ ಡಬ್ಬಕ್ಕೂ ದುಡ್ಡು ಕೊಡುತ್ತಾರೆ. ಮಾರಬಹುದೇ? – ವಿದ್ಯಾನಗರ, ಮಂಡ್ಯ

ಉತ್ತರ: ಬೇಡ. ಡಬ್ಬದ ಮೇಲೆ ನಿಮ್ಮ ಫೋನಿನ ಐಎಂಇಐ ನಂಬರ್, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಇದೆ. ಕದ್ದ ಫೋನಿಗೆ ಡಬ್ಬ ಹೊಂದಿಸಿ ಮಾರುವವರ ಕೈಗೆ ಸಿಕ್ಕರೆ ಆಪತ್ತು. ಹೆಸರಾಂತ ವಿದೇಶಿ ಮದ್ಯದ ಖಾಲಿ ಸೀಸೆಯೂ ಹಾಗೇ, ನಕಲಿ ಮದ್ಯ ತುಂಬಿ ಮಾರುವವರ ಕೈಗೆ ಸಿಗಬಾರದು. ಅಲಂಕಾರಕ್ಕೆ ಮಾರುವುದಾದರೆ ಲೇಬಲ್ ಕಿತ್ತು, ಮುಚ್ಚಳ ಇಲ್ಲದೆ ಮಾರಿ.

ಪ್ರಶ್ನೆ: ಬೊಂಬೆಹಬ್ಬ ನಿಲ್ಲಿಸಿ ಹತ್ತು ವರ್ಷ ಆಯಿತು. ಮಣ್ಣಿನ ಗೊಂಬೆ ಎರಡು ಪೆಟ್ಟಿಗೆ, ಮರದ ಪಟ್ಟದ ಗೊಂಬೆ ಒಂದು ಜೊತೆ ಇದೆ. ಯಾವಾಗ ಹಾಕಿದರೆ ಹೋಗುತ್ತವೆ? – ಅಗ್ರಹಾರ, ಮೈಸೂರು

ಉತ್ತರ: ಗೌರಿಹಬ್ಬದ ಹಿಂದುಮುಂದೆಯೇ ಹಾಕಿ. ನವರಾತ್ರಿಗೆ ಒಂದು ವಾರ ಇದೆ ಅನ್ನುವಾಗ ಹಾಕಿದರೆ ಜನ ಆಗಲೇ ಕೊಂಡು ಮುಗಿಸಿರುತ್ತಾರೆ. ಬಿಡಿ ಗೊಂಬೆಗಿಂತ ಸೆಟ್ಟು ಬೇಗ ಹೋಗುತ್ತೆ. ಮದುವೆ ದಿಬ್ಬಣ, ದಶಾವತಾರ, ಶೆಟ್ಟರ ಅಂಗಡಿ ಹೀಗೆ ಜೋಡಿಸಿ ಫೋಟೊ ತೆಗೆಯಿರಿ. ಬಣ್ಣ ಹೋಗಿದ್ದರೆ ಹೊಸ ಬಣ್ಣ ಬಳಿಯಬೇಡಿ, ಹಳೇ ಬಣ್ಣವನ್ನೇ ಬಯಸಿ ಬರುವವರಿದ್ದಾರೆ. ಮೆತ್ತನೆ ಒಣ ಬ್ರಷ್‌ನಲ್ಲಿ ದೂಳು ಹೊಡೆದರೆ ಸಾಕು, ನೀರು ತಗಲಿಸಬೇಡಿ.

ಪಟ್ಟದ ಗೊಂಬೆ ಮಾತ್ರ ಈಗಲೇ ಹಾಕಬೇಡಿ. ಅದು ನಿಮಗೆ ತವರಿನಿಂದ ಮದುವೆಯಲ್ಲಿ ಬಂದದ್ದು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮಗಳು ಅಮೆರಿಕದಲ್ಲಿದ್ದಾಳೆ ಅಂತಲೂ ಬರೆದಿದ್ದೀರಿ. ಈ ಭಾನುವಾರ ಅವಳು ವಿಡಿಯೊ ಕಾಲ್ ಮಾಡಿದಾಗ ಪೆಟ್ಟಿಗೆ ತೆಗೆದು ಆ ಜೊತೆಯನ್ನು ತೋರಿಸಿ. ಅವಳು ಬೇಡ ಅಂದರೆ ನನಗೆ ಬರೆಯಿರಿ, ನನ್ನ ಹತ್ತಿರ ಕೊಳ್ಳುವವರು ಇದ್ದಾರೆ.