ಬಾಯಿ ಹೌದೆನ್ನುತ್ತೆ, ರಕ್ತ ಇಲ್ಲವೆನ್ನುತ್ತೆ

ಪ್ರಶ್ನೆ: ಪಿಎಚ್‌ಡಿ ಮುಗಿಸಿ ಎರಡು ವರ್ಷದಿಂದ ಎಚ್‌ಐವಿ ತಡೆ ಸಂಶೋಧನೆಯಲ್ಲಿದ್ದೇನೆ. ಸೋಂಕು ತಗಲದಂತೆ ದಿನಾ ನುಂಗುವ ಪ್ರೆಪ್ ಮಾತ್ರೆಯ ಅಧ್ಯಯನದ ದತ್ತಾಂಶ ನನ್ನ ಬಳಿಯಿದೆ. ಬಹುತೇಕ ಎಲ್ಲರೂ ‘ತಪ್ಪದೆ ತಗೋತೀವಿ’ ಅಂದಿದ್ದಾರೆ. ಔಷಧ ಸಿಕ್ಕಿರುವುದು ಅರ್ಧಕ್ಕಿಂತ ಕಡಿಮೆ ಮಂದಿಯ ರಕ್ತದಲ್ಲಿ. ‘ರಕ್ತದ ಫಲಿತಾಂಶ ಮುಂದಿನ ಪ್ರಬಂಧಕ್ಕಿರಲಿ’ ಎನ್ನುತ್ತಾರೆ ನಮ್ಮ ಮುಖ್ಯ ಸಂಶೋಧಕರು. ಮೊದಲ ಲೇಖಕಿ ನಾನು. ಗುತ್ತಿಗೆ ಇನ್ನು ಏಳು ತಿಂಗಳು, ಶಿಫಾರಸು ಪತ್ರ ಅವರದೇ. ಸುಮ್ಮನಿದ್ದುಬಿಡಲೇ?

ಉತ್ತರ: ಬೇಡ. ಆದರೆ ಅವರ ಬಾಗಿಲು ತಟ್ಟುವ ಮುಂಚೆ ನಿಮ್ಮ ಕಡತವನ್ನೇ ಒಮ್ಮೆ ಅನುಮಾನಿಸಿ.

ಇಂಥ ಅಂತರ ಎಷ್ಟೋ ಸಲ ಕೋಡಿಂಗ್‌ನಲ್ಲೇ, ಅಂದರೆ ದತ್ತಾಂಶವನ್ನು ಅಂಕಿಗಳಾಗಿ ನಮೂದಿಸುವಾಗಲೇ, ಹುಟ್ಟಿರುತ್ತೆ. ರಕ್ತದ ಮಾದರಿಯನ್ನೇ ತೆಗೆದುಕೊಳ್ಳದ ಭೇಟಿಗೆ ಯಾರೋ 0 ಹಾಕಿದ್ದರೆ ಅದು ‘ಔಷಧ ಇಲ್ಲ’ ಎಂದು ಲೆಕ್ಕಕ್ಕೆ ಬಂದುಬಿಡುತ್ತದೆ. ಅಳೆಯಬಲ್ಲ ಕನಿಷ್ಠ ಮಿತಿಗಿಂತ ಕೆಳಗಿದ್ದುದನ್ನು ಖಾಲಿ ಬಿಟ್ಟಿದ್ದರೆ ಇದರ ಉಲ್ಟಾ. ಮೂತ್ರಪಿಂಡದ ತೊಂದರೆಗೆ ವೈದ್ಯರೇ ಮಾತ್ರೆ ನಿಲ್ಲಿಸಿದ್ದ ಅವಧಿಗಳನ್ನು ಹೊರಗಿಡಿ. ಭಾಗವಹಿಸಿದವರ ಇಪ್ಪತ್ತು ಐಡಿಗಳನ್ನು ಕಣ್ಣುಮುಚ್ಚಿ ಆರಿಸಿ, ಪ್ರಯೋಗಾಲಯದ ಮೂಲ ಹಾಳೆಯೊಂದಿಗೆ ಕೈಯಲ್ಲೇ ತಾಳೆ ನೋಡಿ. ಬೇಜಾರಿನ ಕೆಲಸವೇ, ಆದರೂ ಸಭೆಯಲ್ಲಿ ನಿಮ್ಮನ್ನು ಕಾಯುವುದು ಇದೊಂದೇ.

ಅಳೆದದ್ದು ಏನನ್ನು ಎಂಬುದೂ ಮುಖ್ಯ. ಪ್ರೆಪ್ ಮಾತ್ರೆಯಲ್ಲಿನ ಔಷಧ ಟೆನೊಫೊವಿರ್‌ನ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ) ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಸುಮಾರು 17 ಗಂಟೆ. ಭೇಟಿಯ ಹಿಂದಿನ ದಿನ ಮಾತ್ರ ನುಂಗಿದವರೂ ಅಲ್ಲಿ ಶಿಸ್ತಿನವರಂತೆ ಕಾಣುತ್ತಾರೆ. ಒಣ ರಕ್ತದ ಚುಕ್ಕೆಯಲ್ಲಿ ಅಳೆಯುವ ಟೆನೊಫೊವಿರ್ ಡೈಫಾಸ್ಫೇಟ್‌ನದು (ಅದೇ ಔಷಧ ಜೀವಕೋಶದೊಳಗೆ ತಾಳುವ ರೂಪ) ಸುಮಾರು 17 ದಿನ. ವಾರಗಳ ಚಾಳಿಯನ್ನೇ ಅದು ಹೇಳುತ್ತದೆ. ನಿಮ್ಮದು ಪ್ಲಾಸ್ಮಾ ಆಗಿದ್ದರೆ ನಿಜವಾದ ಅಂತರ ಕಾಣುವುದಕ್ಕಿಂತ ದೊಡ್ಡದೇ ಇರಬಹುದು.

ತಾಳೆ ಸರಿಬಂದರೆ, ನಿಮ್ಮ ಕೈಗೆ ಸಿಕ್ಕಿರುವುದು ತಪ್ಪಲ್ಲ, ಫಲಿತಾಂಶ. ಮಹಿಳೆಯರಲ್ಲಿ ಪ್ರೆಪ್ ಮಾತ್ರೆ ಪರೀಕ್ಷಿಸಿದ ಫೆಮ್‌–ಪ್ರೆಪ್ ಪ್ರಯೋಗದಲ್ಲಿ (2012) ಸುಮಾರು 95% ಮಹಿಳೆಯರು ಸಾಮಾನ್ಯವಾಗಿ ಅಥವಾ ಯಾವಾಗಲೂ ಮಾತ್ರೆ ತೆಗೆದುಕೊಂಡೆವು ಎಂದಿದ್ದರು. ಇತ್ತೀಚೆಗೆ ನುಂಗಿದ ಗುರುತು ರಕ್ತದಲ್ಲಿ ಸಿಕ್ಕಿದ್ದು 40%ಕ್ಕಿಂತ ಕಡಿಮೆ ಮಂದಿಯಲ್ಲಿ. 5,029 ಮಹಿಳೆಯರ ವಾಯ್ಸ್ ಪ್ರಯೋಗದಲ್ಲೂ (2015) ಹೇಳಿಕೆ 90%ರ ಆಸುಪಾಸು, ಪ್ಲಾಸ್ಮಾದಲ್ಲಿ ಔಷಧ ಕಂಡದ್ದು 30%ರಷ್ಟು ಮಾದರಿಗಳಲ್ಲಿ. ರಕ್ತ ನೋಡದೆ ಹೋಗಿದ್ದರೆ ‘ಮಾತ್ರೆಯೇ ಕೆಲಸ ಮಾಡಲಿಲ್ಲ’ ಎಂದು ತಿಳಿಯುವ ಅಪಾಯವಿತ್ತು. ನಿಮ್ಮ ಅಧ್ಯಯನದಲ್ಲಿ ಭಾಗವಹಿಸಿದವರು ಸುಳ್ಳುಗಾರರು ಎಂದು ಮಾತ್ರ ಬರೆಯಬೇಡಿ. ಮಾತ್ರೆ ಕೊಟ್ಟವರೇ ಎದುರು ಕೂತು ‘ತಗೊಂಡಿರಾ?’ ಎಂದರೆ ಯಾರಾದರೂ ಹೂಂ ಅನ್ನುತ್ತಾರೆ. ಡಬ್ಬಿ ಸಂಗಾತಿಯ ಕಣ್ಣಿಗೆ ಬಿದ್ದರೆ ‘ಇವಳಿಗೇ ಎಚ್‌ಐವಿ ಇದೆ’ ಅಂದುಕೊಂಡಾರು ಎಂಬ ಭಯ ಬೇರೆ.

ಈಗ ಮುಖ್ಯ ಸಂಶೋಧಕರೊಂದಿಗಿನ ಸಭೆ. ಪ್ರೋಟೋಕಾಲ್ (ಅಧ್ಯಯನದ ಲಿಖಿತ ಯೋಜನೆ), ಅಧ್ಯಯನದ ನೋಂದಣಿ, ವಿಶ್ಲೇಷಣಾ ಯೋಜನೆ ಮೂರನ್ನೂ ತೆರೆದು ನೋಡಿ. ಔಷಧಮಟ್ಟ ಅಲ್ಲಿ ಮೊದಲೇ ಘೋಷಿತ ಫಲಿತಾಂಶವಾಗಿದ್ದರೆ, ಅದನ್ನು ಸದ್ದಿಲ್ಲದೆ ಬಿಡುವುದಕ್ಕೆ ಆಯ್ದ ವರದಿಗಾರಿಕೆ ಎನ್ನುತ್ತಾರೆ. ಎರಡು ಪುಟ ಸಾಕು: ಒಂದೇ ಕೋಷ್ಟಕ, ಭೇಟಿವಾರು, ಎಡಕ್ಕೆ ಹೇಳಿಕೆ, ಬಲಕ್ಕೆ ಔಷಧಮಟ್ಟ, ಕೆಳಗೆ ನೀವು ಮಾಡಿದ ತಪಾಸಣೆ. ಸಂಖ್ಯಾಶಾಸ್ತ್ರಜ್ಞರಿಗೆ ಮೊದಲೇ ತೋರಿಸಿರಿ. ‘ಯಾಕೆ ಮುಚ್ಚಿಡುತ್ತಿದ್ದೀರಿ’ ಎಂದು ಕೇಳಬೇಡಿ. ‘ಪತ್ರಿಕೆಯ ವಿಮರ್ಶಕರು ಔಷಧಮಟ್ಟ ಕೇಳಿದರೆ ಏನು ಹೇಳೋಣ?’ ಎಂದು ಕೇಳಿ. ಕೇಳದೇ ಇರುವ ವಿಮರ್ಶಕರು ಈ ಕ್ಷೇತ್ರದಲ್ಲಿ ಅಪರೂಪ, ಅದು ನಿಮ್ಮ ಮುಖ್ಯ ಸಂಶೋಧಕರಿಗೂ ಗೊತ್ತು. ಎರಡು ಪ್ರಬಂಧವೇ ಬೇಕೆಂದರೆ ವಿವರವಾದ ವಿಶ್ಲೇಷಣೆ ಎರಡನೆಯದಕ್ಕೆ ಹೋಗಲಿ. ಮೂಲ ಅಂಕಿ ಮೊದಲನೆಯದರಲ್ಲೇ ಇರಬೇಕು. ಮಾತು ಮುಗಿದ ದಿನವೇ ತೀರ್ಮಾನಗಳನ್ನು ನಾಲ್ಕು ಸಾಲಿನ ಇಮೇಲ್‌ನಲ್ಲಿ ಕಳಿಸಿ.

ಒಪ್ಪದಿದ್ದರೆ? ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಲೇಖಕತ್ವ ಮಾನದಂಡಗಳಲ್ಲಿ ಅಂತಿಮ ಪ್ರತಿಗೆ ಒಪ್ಪಿಗೆ ಕೊಡುವುದೂ ಒಂದು. ಆ ಒಪ್ಪಿಗೆ ನಿಮ್ಮದು, ತಡೆಹಿಡಿಯಬಹುದು. ಮೊದಲು ಸಹ ಸಂಶೋಧಕರು, ಆಮೇಲೆ ಸಂಸ್ಥೆಯ ಸಂಶೋಧನಾ ಪ್ರಾಮಾಣಿಕತೆಯ ಅಧಿಕಾರಿ. ಪತ್ರಿಕೆಗೆ ನೇರ ಬರೆಯುವುದು ಕಟ್ಟಕಡೆಗೆ. ‘ಸಾಕ್ಷಿ’ಗೆಂದು ದತ್ತಾಂಶವನ್ನು ಸ್ವಂತ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿರೋ, ತಪ್ಪಿತಸ್ಥರು ನೀವೇ ಆಗುತ್ತೀರಿ.

ಶಿಫಾರಸು ಪತ್ರದ ಭಯ ಸುಳ್ಳಲ್ಲ. ಸಂಖ್ಯಾಶಾಸ್ತ್ರಜ್ಞರನ್ನೋ ಪ್ರಯೋಗಾಲಯದ ಮುಖ್ಯಸ್ಥರನ್ನೋ ಎರಡನೇ ಶಿಫಾರಸಿಗೆ ಕೇಳಿಡಿ, ಈ ಸಭೆಗೆ ಮುಂಚೆಯೇ. ಆ ತಾಳೆ ನೋಡುವ ಕೆಲಸದಲ್ಲಿ ಅವರು ನಿಮ್ಮನ್ನು ಹತ್ತಿರದಿಂದ ಕಂಡಿರುತ್ತಾರೆ.