ಕೇಳಿ, ಹೇಳ್ತೀನಿ: ಡ್ರ್ಯಾಗನ್ ಬಂದ್ರೆ ಟೊಮ್ಯಾಟೊ ಕಾಯೋರು ಯಾರು?

ಹಿಂದಿನ ಸಂಚಿಕೆಯಲ್ಲಿ ಕುವೆಂಪುನಗರದ ಓದುಗರೊಬ್ಬರು, "ರಿಟೈರಾದ ಜೀವಶಾಸ್ತ್ರದ ಮೇಡಂ ಯಾವ ಇಂಗ್ಲಿಷ್ ಸಿನಿಮಾ ನೋಡ್ತಾರೆ?" ಎಂದು ಕೇಳಿದ್ದರು. 2002ರ 'ರೇನ್ ಆಫ್ ಫೈರ್' ಎಂದು ಬರೆದೆ ನೋಡಿ, ಶುರುವಾಯ್ತು ಪತ್ರಗಳ ಮಳೆ. ಮಂಡ್ಯದವರದ್ದೇ ಜಾಸ್ತಿ. ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ.

ಸಿನಿಮಾ ನೋಡದವರಿಗೆ ಕಥೆ ಇಷ್ಟು. ಲಂಡನ್ನಿನಲ್ಲಿ ಸುರಂಗ ರೈಲಿಗೆ ನೆಲ ಕೊರೆಯುವಾಗ ಮಲಗಿದ್ದ ಡ್ರ್ಯಾಗನ್ ಎದ್ದುಬಿಡುತ್ತದೆ. ಆಮೇಲೆ ಅದರ ಸಂತತಿ ಊರೂರನ್ನೇ ಸುಟ್ಟು ಹಾಕುತ್ತದೆ. ಅಳಿದುಳಿದ ಒಂದಷ್ಟು ಜನ ಇಂಗ್ಲೆಂಡಿನ ನಾರ್ಥಂಬರ್ಲೆಂಡ್‌ನ ಹಳೇ ಕೋಟೆಯೊಂದರಲ್ಲಿ ಬದುಕುತ್ತಿರುತ್ತಾರೆ. ಅವರ ಯಜಮಾನ ಕ್ವಿನ್, ಅಂದರೆ ಕ್ರಿಶ್ಚಿಯನ್ ಬೇಲ್. ಅಲ್ಲಿಗೆ ಟ್ಯಾಂಕ್, ಹೆಲಿಕಾಪ್ಟರ್ ಸಮೇತ ಬಂದಿಳಿಯುತ್ತಾನೆ ಅಮೆರಿಕದ ಡ್ರ್ಯಾಗನ್ ಬೇಟೆಗಾರ ವ್ಯಾನ್ ಜಾನ್, ಅಂದರೆ ಮ್ಯಾಥ್ಯೂ ಮೆಕಾನಹೇ. ಮುಂದೆ ಕೊನೆಯವರೆಗಿನ ಗುಟ್ಟೆಲ್ಲ ಬಿಟ್ಟುಕೊಡುತ್ತೇನೆ. ಬೇಡ ಅನ್ನುವವರು ಪುಟ ತಿರುಗಿಸಿ.

ಮೇಡಂ, ಪೋಸ್ಟರಿನಲ್ಲಿ ಲಂಡನ್ ಮೇಲೆ ಹೆಲಿಕಾಪ್ಟರ್‌ಗಳಿಗೂ ಡ್ರ್ಯಾಗನ್‌ಗಳಿಗೂ ಭಾರಿ ಯುದ್ಧ ಇದೆ. ಸಿನಿಮಾದಲ್ಲಿ ಅದು ಎಲ್ಲಿ?
– ಮದ್ದೂರಿನ ಓದುಗರು

ಎಲ್ಲೂ ಇಲ್ಲ. ಪ್ರಪಂಚ ಸುಟ್ಟುಹೋದ ಕಥೆಯನ್ನು ಪೇಪರ್ ಕಟಿಂಗ್ ತೋರಿಸಿ, ನಾಲ್ಕು ಮಾತು ಹೇಳಿ ಮುಗಿಸಿಬಿಡುತ್ತಾರೆ. ಪೋಸ್ಟರ್ ನಂಬಿ ಟಿಕೆಟ್ ತೆಗೆದವರು ಬೈದುಕೊಂಡೇ ಎದ್ದುಬಂದರು. ನನಗೆ ಬೇಸರವಾಗಲಿಲ್ಲ. ಆ ಯುದ್ಧ ಬೇರೆ ನೂರು ಸಿನಿಮಾದಲ್ಲಿ ಸಿಗುತ್ತದೆ. ಸೋತುಹೋದ ಮೇಲೆ ಜನ ಹೊಟ್ಟೆಗೆ ಏನು ಮಾಡುತ್ತಾರೆ ಎನ್ನುವುದನ್ನು ತೋರಿಸುವವರು ಕಡಿಮೆ.

ಬಾಯಿಂದ ಬೆಂಕಿ ಬರೋದು ಸುಮ್ನೆ ಕಥೆ ತಾನೇ ಮಿಸ್? ಬಾಯಿ ಸುಡಲ್ವಾ?
– ಮೈಸೂರಿನ ಪಿಯುಸಿ ವಿದ್ಯಾರ್ಥಿನಿ

ಈ ಪ್ರಶ್ನೆಗಾಗಿಯೇ ಈ ಅಂಕಣ ಒಪ್ಪಿಕೊಂಡೆ ಅನ್ನಿಸಿತು ಕಣಮ್ಮ!

ಸಿನಿಮಾದವರು ಇಲ್ಲಿ ತಲೆ ಓಡಿಸಿದ್ದಾರೆ. ಅವರ ಡ್ರ್ಯಾಗನ್ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿಲ್ಲ. ಬಾಯಲ್ಲಿ ಎರಡು ಗ್ರಂಥಿ. ಒಂದೊಂದರಿಂದ ಒಂದೊಂದು ದ್ರವ ಚಿಮ್ಮುತ್ತದೆ. ಎರಡೂ ಬಾಯಿಂದಾಚೆ ಸೇರಿದಾಗ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರದೆ, ಬರೀ ಸೇರಿದರೆ ಹತ್ತುವ ದ್ರವಗಳು ನಿಜಕ್ಕೂ ಇವೆ. ನಮ್ಮ ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಂತ ಉರಿಯುವುದೇ ಹಾಗೆ.

ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರ ಬರುವುದು ಬಾಂಬಾರ್ಡಿಯರ್ ಅನ್ನುವ ಜೀರುಂಡೆ. ಅದರ ಹಿಂಭಾಗದಲ್ಲಿ ಎರಡು ಕೋಣೆ. ಒಂದರಲ್ಲಿ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್. ಇನ್ನೊಂದರಲ್ಲಿ ಕಿಣ್ವ. ಹೆದರಿದಾಗ ಒಂದರದ್ದನ್ನು ಇನ್ನೊಂದಕ್ಕೆ ಬಿಡುತ್ತದೆ. ಹತ್ತಿರ ಹತ್ತಿರ 100 ಡಿಗ್ರಿ ಕಾವಿನ ದ್ರವ ಪಟಪಟ ಸಿಡಿಯುತ್ತದೆ. ನಮ್ಮ ಕಾಲೇಜಿನ ಹಿತ್ತಲಲ್ಲಿ ಒಬ್ಬ ಹುಡುಗ ಹೂಕುಂಡ ಎತ್ತಿ, ಕೆಳಗಿದ್ದ ಹುಳವನ್ನು ಎರಡು ಬೆರಳಲ್ಲಿ ಹಿಡಿದ. 'ಟಪ್' ಅಂತ ಸದ್ದು, ಚೂರು ಹೊಗೆ. ಹುಳ ಬಿಟ್ಟು ಬೆರಳು ಬಾಯಿಗೆ ಹಾಕಲು ಹೋದವನ ಕೈ ಹಿಡಿದು ನಲ್ಲಿಗೆ ಎಳೆದುಕೊಂಡು ಹೋದೆ. ಉಗುರಿನ ಸುತ್ತ ಬಿದ್ದ ಕಂದು ಕಲೆ ಸೋಪಿಗೂ ಜಗ್ಗಲಿಲ್ಲ. ಒಂದೂವರೆ ಸೆಂಟಿಮೀಟರ್ ಹುಳದ ಕೆಲಸ ಅದು.

ಜ್ವಾಲೆ ಬರಲ್ಲ, ನಿಜ. ಆದರೆ ಸುಮ್ನೆ ಕಥೆ ಅಂತ ತಳ್ಳಿಹಾಕುವ ಹಾಗೂ ಇಲ್ಲ.

ಡ್ರ್ಯಾಗನ್‌ಗಳು ಬೂದಿ ತಿಂದು ಬದುಕುತ್ತವಂತೆ. ನಾವು ಕಬ್ಬಿನ ತರಗು ಸುಟ್ಟ ಗದ್ದೆಗೆ ಬಂದರೆ ಹಬ್ಬವೇ ಅವಕ್ಕೆ! ಆಗುತ್ತಾ ಇದು?
– ಪಾಂಡವಪುರದ ರೈತರು

ಆಗಲ್ಲ ಅಣ್ಣ. ಉರಿಯುವುದೆಲ್ಲ ಉರಿದ ಮೇಲೆ ಉಳಿಯುವುದೇ ಬೂದಿ. ಅದರಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಇರುತ್ತದೆ, ಶಕ್ತಿ ಇರಲ್ಲ. ಅದನ್ನು ತಿಂದು ಇರುವೆಯೂ ಹೊಟ್ಟೆ ಹೊರೆಯಲಾರದು. ಸಿನಿಮಾದ ದೊಡ್ಡ ತೂತು ಇದು. ಅಂದಹಾಗೆ, ತರಗು ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ. ಕೂಳೆ ಕಬ್ಬಿನ ಸಾಲಿನ ನಡುವೆ ಹಾಗೇ ಹೊದಿಸಿಬಿಡಿ. ತೇವವೂ ನಿಲ್ಲುತ್ತದೆ, ಕಳೆಯೂ ಕಡಿಮೆ.

ನೀವು ರೈತರು ಅಂದದ್ದಕ್ಕೆ ಇನ್ನೊಂದು ಮಾತು. ನನ್ನ ಲೆಕ್ಕದಲ್ಲಿ ಈ ಸಿನಿಮಾದ ಜೀವ ಇರುವುದು ಟೊಮ್ಯಾಟೊ ಪ್ರಸಂಗದಲ್ಲಿ. ಕೋಟೆಯ ಜನಕ್ಕೆ ಇರುವುದು ಒಂದು ಬೆಳೆ. ಕೀಳುವುದು ಬೇಡ, ಇನ್ನೂ ಕಾಯೋಣ ಅನ್ನುತ್ತಾನೆ ಕ್ವಿನ್. ಮಕ್ಕಳು ಹಸಿದಿವೆ, ಎಷ್ಟು ಅಂತ ಕಾಯೋದು ಅನ್ನುತ್ತಾನೆ ಇನ್ನೊಬ್ಬ. ಕೊನೆಗೆ ಅವನು ಹೇಳದೆ ಕೇಳದೆ ತನ್ನವರನ್ನು ಕಟ್ಟಿಕೊಂಡು ಹೊಲಕ್ಕೆ ಇಳಿಯುತ್ತಾನೆ. ಮೇಲಿಂದ ಡ್ರ್ಯಾಗನ್ ಬರುತ್ತದೆ. ಬೆಳೆಯೂ ಹೋಯಿತು, ಜೀವವೂ ಹೋಯಿತು. ಇದರಲ್ಲಿ ಕೆಟ್ಟವರು ಯಾರು ಹೇಳಿ? ಕಾಯಿ ಕೆಂಪಾಗುವ ಮೊದಲೇ ಕಿತ್ತು ಮಾರಬೇಕಾದ ಕಷ್ಟ ಗೊತ್ತಿರುವ ಮಂಡ್ಯದವರು ಅವನನ್ನು ಬೈಯಲಾರರು. ಈಗಲೇ ಕೀಳಲು ಬಿಟ್ಟರೆ ಎಲ್ಲರೂ ಸಾಯುತ್ತಾರೆ ಎನ್ನುವ ಕ್ವಿನ್ ಮಾತೂ ಸುಳ್ಳಲ್ಲ. ರೆಕ್ಕೆ, ಬೆಂಕಿ ಏನೇ ಇರಲಿ, ಡ್ರ್ಯಾಗನ್ ಇಲ್ಲಿ ಬರೀ ನೆಪ.

ನೂರಾರು ಹೆಣ್ಣಿಗೆ ಒಂದೇ ಗಂಡು ಡ್ರ್ಯಾಗನ್! ಅದನ್ನು ಕೊಂದರೆ ವಂಶವೇ ಮುಗೀತು ಅಂತಾರೆ. ಒಪ್ತೀರಾ ಮೇಡಂ?
– ಮಳವಳ್ಳಿಯ ಓದುಗರು

ಒಪ್ಪಲ್ಲ. ಒಂದೇ ಗಂಡನ್ನು ನೆಚ್ಚಿಕೊಂಡ ಜಾತಿ ಅಷ್ಟು ವರ್ಷ ಉಳಿಯುವುದೇ ಕಷ್ಟ. ಕಾಲು ಮುರಿದುಕೊಂಡರೆ ಮುಗಿಯಿತಲ್ಲ.

ಆದರೆ ತಮಾಷೆ ಬೇರೆ ಇದೆ. ಇಂಡೋನೇಷ್ಯಾದ ಕೊಮೊಡೊ ಡ್ರ್ಯಾಗನ್ ಗೊತ್ತಲ್ಲ, ಪ್ರಪಂಚದ ಅತಿ ದೊಡ್ಡ ಹಲ್ಲಿ. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಫ್ಲೋರಾ ಎಂಬ ಹೆಣ್ಣು ಕೊಮೊಡೊ ಗಂಡಿನ ಮುಖವನ್ನೇ ನೋಡದೆ ಮೊಟ್ಟೆ ಇಟ್ಟಿತು. 2006ರಲ್ಲಿ ಸುದ್ದಿಯಾಯಿತು, ಆಮೇಲೆ ಮರಿಗಳೂ ಹೊರಬಂದವು. ಅವುಗಳ ವರ್ಣತಂತುವಿನ ಲೆಕ್ಕ ಹೇಗಿದೆ ಅಂದರೆ, ಹೀಗೆ ಹುಟ್ಟುವ ಮರಿಗಳೆಲ್ಲ ಗಂಡು. ಅಂದರೆ ಕ್ವಿನ್ ಅಷ್ಟು ಕಷ್ಟಪಟ್ಟು ಲಂಡನ್ನಿಗೆ ಹೋಗಿ ಆ ಒಂದು ಗಂಡನ್ನು ಕೊಂದು ವಾಪಸು ಬರುವಷ್ಟರಲ್ಲಿ ಯಾವುದೋ ಹೆಣ್ಣು ಇನ್ನೊಂದು ಡಜನ್ ಗಂಡು ಹಡೆದಿರಬಹುದು! 2002ರಲ್ಲಿ ಕಥೆ ಮಾಡಿದವರಿಗೆ ಇದು ಹೇಗೆ ಗೊತ್ತಾಗಬೇಕು, ಪಾಪ.

ಟೀಚರ್, ಡ್ರ್ಯಾಗನ್ ಬಂದ್ರೆ ನಾವು ಎಲ್ಲಿ ಬಚ್ಚಿಟ್ಟುಕೊಳ್ಳೋದು? ಅರಮನೆಲಾ?
– ಶ್ರೀರಂಗಪಟ್ಟಣದ ಆರನೇ ಕ್ಲಾಸಿನ ಹುಡುಗ

ಅರಮನೆ ಬೇಡ ಪುಟ್ಟ. ಮೈಸೂರಿನ ಹಳೇ ಮರದ ಅರಮನೆ 1897ರಲ್ಲಿ ಮದುವೆ ಸಮಯದಲ್ಲೇ ಸುಟ್ಟುಹೋಯಿತು. ಅದಕ್ಕೆ ಡ್ರ್ಯಾಗನ್ ಬೇಕಾಗಲಿಲ್ಲ. ಈಗಿರುವುದು 1912ರಲ್ಲಿ ಮುಗಿದದ್ದು. ಗಟ್ಟಿಮುಟ್ಟಾಗಿದೆ, ಆದರೆ ದೀಪ ಹಾಕಿದರೆ ಆಕಾಶದಿಂದ ಮೊದಲು ಕಾಣುವುದೇ ಅದು.

ನಿಮ್ಮ ಊರಲ್ಲೇ ಒಳ್ಳೆ ಜಾಗ ಇದೆ. ಟಿಪ್ಪು ಕಾಲದ ಮದ್ದಿನ ಮನೆಗಳು. ದಪ್ಪ ಗೋಡೆ, ಅರ್ಧ ನೆಲದೊಳಗೆ. ಅದರಲ್ಲಿ ಒಂದನ್ನು ರೈಲು ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು, ನಿಮ್ಮ ತಾತನನ್ನು ಕೇಳು. ಈಗ ಒಳಗೆ ಮದ್ದಿಲ್ಲ, ಭಯ ಬೇಡ. ರಾಕೆಟ್ ಬಿಡೋಣ ಅಂತ ಬೇರೆ ಬರೆದಿದ್ದೀಯ. ಟಿಪ್ಪು, ಹೈದರನ ಕಬ್ಬಿಣದ ಕೊಳವೆಯ ರಾಕೆಟ್ 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರನ್ನು ನಡುಗಿಸಿತು. ಅದು ಗುಂಪಿನ ಮೇಲೆ ಬಿಡುವಂಥದ್ದು. ಹಾರುವ ಒಂದೇ ಡ್ರ್ಯಾಗನ್‌ಗೆ ಗುರಿ ಇಡೋದು ಕಷ್ಟ.

ಎಲ್ಲ ಸುಟ್ಟ ಮೇಲೂ ನಾಟಕ ಆಡ್ತಾರಲ್ಲ, ಅತಿ ಆಯ್ತು ಅನ್ನಿಸಲಿಲ್ವಾ?
– ಕೆ.ಆರ್. ಪೇಟೆಯ ಹಾರ್ಮೋನಿಯಂ ಮೇಷ್ಟ್ರು

ನೀವೇ ಹೀಗಂದ್ರೆ ಹೇಗೆ ಮೇಷ್ಟ್ರೇ! ಕ್ವಿನ್ ಮತ್ತು ಅವನ ಗೆಳೆಯ ಮೋಂಬತ್ತಿ ಬೆಳಕಲ್ಲಿ ಕತ್ತಿ ಝಳಪಿಸುತ್ತಾ ಮಕ್ಕಳಿಗೆ ಆಡಿ ತೋರಿಸುವುದು ಒಂದು ಹಳೇ ಬಾಹ್ಯಾಕಾಶ ಸಿನಿಮಾದ ದೃಶ್ಯ. ಕಪ್ಪು ಉಡುಪಿನವನು "ನಾನೇ ನಿನ್ನಪ್ಪ" ಅಂದಾಗ ಮಕ್ಕಳು ಉಸಿರು ಬಿಗಿಹಿಡಿಯುತ್ತವೆ. ಆ ಮಕ್ಕಳು ಸಿನಿಮಾನೇ ಕಂಡವರಲ್ಲ. ಮಂಡ್ಯ ಜಿಲ್ಲೆ ಪೂರ್ತಿ ಬೂದಿಯಾಗಲಿ, ನಾಲ್ಕು ಜನ ಉಳಿದರೆ ಸಾಕು, ಸೀನರಿ ಇಲ್ಲದೆ 'ಕುರುಕ್ಷೇತ್ರ' ಕಟ್ಟಲ್ವಾ ನೀವು? ದುರ್ಯೋಧನನ ಪಾರ್ಟಿಗೆ ಆಗಲೂ ಜಗಳ ನಡೆಯುತ್ತದೆ.

ವ್ಯಾನ್ ಜಾನ್ ಕೊಡಲಿ ಹಿಡಿದು ಡ್ರ್ಯಾಗನ್ ಬಾಯಿಗೇ ಹಾರ್ತಾನಲ್ಲ, ನಮ್ಮೆಜಮಾನ್ರು ಅದನ್ನೇ ತಿರುಗಿಸಿ ತಿರುಗಿಸಿ ಹಾಕಿ ನೋಡ್ತಾರೆ. ಏನಿದೆ ಅದರಲ್ಲಿ?
– ನಾಗಮಂಗಲದ ಓದುಗರು

ತಲೆ ಬೋಳಿಸಿ, ಗಡ್ಡ ಬಿಟ್ಟು, ಮೈತುಂಬ ಹಚ್ಚೆ ಹಾಕಿಕೊಂಡವನು ಎತ್ತರದಿಂದ ಜಿಗಿದರೆ ಗಂಡಸರಿಗೆ ಏನೋ ಆಗುತ್ತದೆ. ಅವನನ್ನು ಡ್ರ್ಯಾಗನ್ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುತ್ತದೆ, ಅದನ್ನೂ ನೋಡಲು ಹೇಳಿ. ಹಾಗೇ ಮನೆಯ ಕೊಡಲಿ ಎಲ್ಲಿದೆ ಅಂತ ಒಮ್ಮೆ ನೋಡಿಕೊಂಡುಬಿಡಿ.