ಬೆಡ್ ಯಾವುದೆಂದು ಕೇಳುವ ಮೊದಲು ಚಾಸಿ ನೋಡು

ತಮ್ಮ, ನಿನ್ನ ಪತ್ರ ಓದಿದೆ. ಚಳಿ, ಊಟ, ಮನೆ ಬಾಡಿಗೆಯ ಬಗ್ಗೆ ಒಂದೊಂದು ಸಾಲು ಕೇಳಿ, ಪಿಕಪ್ ವಾಹನದ ಬಗ್ಗೆ ಇಡೀ ಪುಟ ಬರೆದಿದ್ದೀಯ. ಬಳ್ಳಾರಿಯಲ್ಲಿ ಲಾರಿಗೆ ಬಾಡಿ ಕಟ್ಟುವವರ ಮನೆಯಲ್ಲಿ ಬೆಳೆದವನು ಹಾಗೆ ಕೇಳುವುದು ಸಹಜ. ಆಗಸ್ಟ್‌ನಲ್ಲಿ ಅಮೆರಿಕದ ಮಿಷಿಗನ್‌ಗೆ ಬಂದು ನೀನು ಸೇರಲಿರುವ ಮನೆಯ ಹುಡುಗರು ಎರಡು ಹಳೆಯ ಗಾಡಿ ತೋರಿಸಿದ್ದಾರೆ: ಕಾಂಪೋಸಿಟ್ (ಗಾಜಿನ ನಾರು, ರಾಳ ಬೆರೆತ) ಬೆಡ್, ಅಂದರೆ ಹಿಂದಿನ ಸರಕಿನ ತೊಟ್ಟಿ, ಇರುವ ಟೊಯೊಟಾ ಟಕೋಮಾ ಒಂದು, ಉಕ್ಕಿನ ಬೆಡ್ ಇರುವ ಷೆವರ್ಲೆ ಸಿಲ್ವರಾಡೊ ಒಂದು. ಯಾವ ಬೆಡ್ ಹೆಚ್ಚು ಬಾಳುತ್ತದೆ, ಅದನ್ನು ನಾವೇ ಬಿಚ್ಚಿ ಇಳಿಸಬಹುದೇ ಎಂಬುದು ನಿನ್ನ ಪ್ರಶ್ನೆ. ‘ಪ್ಲಾಸ್ಟಿಕ್ ಬಾಡಿ ಎಷ್ಟು ದಿನ ಬಂದೀತು’ ಎಂದು ನಿಮ್ಮ ತಂದೆಯವರು ಕೇಳಿದ್ದನ್ನೂ ಬರೆದಿದ್ದೀಯ. ಕೈಯಾರೆ ಬಾಡಿ ಕಟ್ಟಿದವರ ಅನುಮಾನ ಅದು, ಅದಕ್ಕೂ ಸರಿಯಾದ ಉತ್ತರ ಕೊಡಬೇಕು.

ಮೊದಲು ಉಪ್ಪಿನ ಮಾತು. ಇಲ್ಲಿ ಮಿಷಿಗನ್‌ನಲ್ಲಿ ಗಾಡಿಯ ಆಯುಷ್ಯವನ್ನು ತೀರ್ಮಾನಿಸುವುದು ಅದೇ. ಚಳಿಗಾಲದುದ್ದಕ್ಕೂ ಹಿಮ ಬಿದ್ದಾಗಲೆಲ್ಲ ಅದನ್ನು ಕರಗಿಸಲು ರಸ್ತೆಗೆ ಕಲ್ಲುಪ್ಪು ಸುರಿಯುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಸಂಡೂರಿನ ಅದಿರಿನ ಕೆಂಪು ದೂಳು ಗಾಡಿಯ ಮೇಲೆ ಕೂತರೆ ಒಂದು ಬಕೆಟ್ ನೀರಿಗೆ ಹೋಗುತ್ತದೆ. ಉಪ್ಪುನೀರು ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟಾದ ಚಾಸಿಯ ಒಳಸಂದುಗಳಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಚಳಿ ತೀರಾ ಹೆಚ್ಚಾದಾಗ ಬರೀ ಕಲ್ಲುಪ್ಪು ಸಾಲದೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಲೋಹವನ್ನು ಒಣಗಲು ಬಿಡುವುದಿಲ್ಲ. ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ತುಕ್ಕು ಇನ್ನೂ ಬೇಗ ಹಬ್ಬುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ನಮ್ಮ ಸೋದರಮಾವನ ಟಿಪ್ಪರ್ ಕುಡತಿನಿ ಕಡೆಯ ಬಯಲಿನಲ್ಲಿ ತಿಂಗಳುಗಟ್ಟಲೆ ನಿಂತಿತ್ತು. ಟೈರುಗಳು ಬಿಸಿಲಿಗೆ ಬಿರುಕುಬಿಟ್ಟವು, ಬ್ಯಾಟರಿ ಸತ್ತಿತು, ಚಾಸಿ ಮಾತ್ರ ಹಾಗೇ ಇತ್ತು. ಇಲ್ಲಿ ಕೆಲವು ಚಳಿಗಾಲ ಅಡಿಭಾಗ ತೊಳೆಯದೆ ಓಡಿಸಿದ ಗಾಡಿಯ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿದರೆ ಪದರ ಪದರವಾಗಿ ಉದುರುತ್ತದೆ.

ಇನ್ನೊಂದು ವಿಷಯ ನಿನಗೆ ಆಶ್ಚರ್ಯ ತರಬಹುದು. ನಮ್ಮಲ್ಲಿ ಲಾರಿಗೆ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ) ಮಾಡಿಸದೆ ಗತಿಯಿಲ್ಲ. ಮಿಷಿಗನ್‌ನಲ್ಲಿ ಸ್ವಂತ ವಾಹನಗಳಿಗೆ ಕಾಲಕಾಲಕ್ಕೆ ನಡೆಯುವ ತಪಾಸಣೆಯೇ ಇಲ್ಲ. ಚಾಸಿ ತೂತುಬಿದ್ದ ಗಾಡಿಯೂ ಹೆದ್ದಾರಿಯಲ್ಲಿ ಓಡುತ್ತದೆ, ಮಾರಾಟಕ್ಕೂ ಬರುತ್ತದೆ. ನೋಡಿಕೊಳ್ಳುವ ಹೊಣೆ ಪೂರ್ತಿ ಕೊಳ್ಳುವವನದು. ಹೊಸದಾಗಿ ಬಂದ ನಮ್ಮ ಹುಡುಗರು ಹೊಳೆಯುವ ಬಣ್ಣ ನೋಡಿ ದುಡ್ಡು ಕೊಟ್ಟುಬಿಡುವುದು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈಗ ನಿಮ್ಮ ತಂದೆಯವರ ಪ್ರಶ್ನೆ. ಕಾಂಪೋಸಿಟ್ ಬೆಡ್ ಮನೆಯ ಮೇಲಿನ ನೀರಿನ ಟ್ಯಾಂಕಿನ ಪ್ಲಾಸ್ಟಿಕ್ ಅಲ್ಲ. ಗಾಜಿನ ನಾರನ್ನು ರಾಳದಲ್ಲಿ ಬೆರೆಸಿ, ಬಿಸಿ ಅಚ್ಚಿನಲ್ಲಿ ಭಾರೀ ಒತ್ತಡ ಕೊಟ್ಟು ತಯಾರಿಸಿದ ಗಟ್ಟಿ ಹಲಗೆ ಅದು. ಟಕೋಮಾಗೆ 2005ರ ಮಾದರಿಯಿಂದ ಇದೇ ಬಂದಿದೆ. ನೆಲ ಮತ್ತು ಒಳಗೋಡೆ ಕಾಂಪೋಸಿಟ್, ಹೊರಗೆ ಕಾಣುವ ಪಕ್ಕದ ತಗಡು ಉಕ್ಕಿನದೇ. ಇದಕ್ಕೆ ತುಕ್ಕಿನ ಭಯವಿಲ್ಲ. ಇಟ್ಟಿಗೆ, ಸೌದೆ, ಮರಳು ಎಸೆದರೆ ನೆಗ್ಗುವುದಿಲ್ಲ. ಆದರೆ ಮೊನಚಾದ ಭಾರ ಮೇಲಿನಿಂದ ಬಿದ್ದರೆ ಸೀಳುತ್ತದೆ, ಅದರಲ್ಲೂ ಕೊರೆಯುವ ಚಳಿಯಲ್ಲಿ. ಉಕ್ಕು ನೆಗ್ಗುತ್ತದೆ, ಸುತ್ತಿಗೆಗೆ ಬಗ್ಗುತ್ತದೆ, ವೆಲ್ಡಿಂಗ್‌ಗೂ ಒಗ್ಗುತ್ತದೆ. ಸೀಳಿದ ಕಾಂಪೋಸಿಟ್‌ಗೆ ಗಾಜಿನ ನಾರಿನ ಬಟ್ಟೆ, ಎಪಾಕ್ಸಿ ಅಂಟು ಹಾಕಿ ತೇಪೆ ಹಚ್ಚಬೇಕು. ನಿಮ್ಮ ಶೆಡ್ಡಿನಲ್ಲಿ ಮಾಡುವಂತೆ ಬೇಕಾದಲ್ಲಿ ಒಂದು ಆಂಗಲ್ ಬೆಸೆದು ಕೊಕ್ಕೆ ಹಾಕಿಕೊಳ್ಳುವ ಸೌಕರ್ಯ ಅದರಲ್ಲಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ನಿಂತರೆ ಮೇಲ್ಮೈ ಬೆಳ್ಳಗಾಗಿ ಸುಣ್ಣ ಬಳಿದಂತೆ ಕಾಣುತ್ತದೆ. ಅದು ನೋಟದ ಕೊರತೆ ಅಷ್ಟೇ, ಗಟ್ಟಿತನಕ್ಕೆ ದೊಡ್ಡ ಧಕ್ಕೆಯಿಲ್ಲ.

ಉಕ್ಕಿನ ಬೆಡ್ ಕೆಡುವುದು ಕಣ್ಣಿಗೆ ಬೀಳದ ಕಡೆಯಿಂದ. ಚಕ್ರದ ಕಮಾನಿನ ಒಳಅಂಚು, ಕ್ಯಾಬಿನ್ ಕಡೆಯ ಗೋಡೆಯ ಬೆಸುಗೆ, ನೆಲದ ಅಡಿಯ ಅಡ್ಡಪಟ್ಟಿಗಳ ಮೇಲೆ ಕೆಸರು ಕೂರುವ ಜಾಗ. ಒಳಗೆ ಪ್ಲಾಸ್ಟಿಕ್ ಹಾಸು ಕೂರಿಸಿದ್ದರೆ ಅದನ್ನು ಎತ್ತಿಸಿ ನೋಡು. ಅದರ ಕೆಳಗೆ ಕೊಳೆತ ಎಲೆ, ಮರಳು, ನೀರು ಸೇರಿ ಬಣ್ಣವನ್ನು ಉಜ್ಜಿ ತೆಗೆದಿರುತ್ತವೆ. ನೆಲಕ್ಕೆ ಅಂಟಿಕೊಳ್ಳುವಂತೆ ಸ್ಪ್ರೇ ಮಾಡಿದ ದಪ್ಪ ಲೇಪನವಾದರೆ ಪರವಾಗಿಲ್ಲ, ಉಕ್ಕಿಗೆ ಅದೇ ಒಳ್ಳೆಯ ರಕ್ಷಣೆ.

ನನ್ನ ಅಭಿಪ್ರಾಯ ಕೇಳಿದರೆ, ಉಪ್ಪಿನ ನಾಡಿನಲ್ಲಿ ಇರುವವನಿಗೆ ಕಾಂಪೋಸಿಟ್ ಮೇಲು. ದಿನವೂ ಕಲ್ಲು, ಕಬ್ಬಿಣ ಹೊರುವವನಿಗೆ ಉಕ್ಕು ಮೇಲು. ನಿನಗೆ ವಾರಾಂತ್ಯದಲ್ಲಿ ಮರ, ಮಂಚ, ಹುಲ್ಲು ಕತ್ತರಿಸುವ ಯಂತ್ರ ಸಾಗಿಸುವುದಷ್ಟೇ ಕೆಲಸ. ಆದರೆ ಇದನ್ನು ನಂಬಿ ಟಕೋಮಾಗೆ ದುಡ್ಡು ಕೊಟ್ಟುಬಿಡಬೇಡ. ತುಕ್ಕು ಹಿಡಿಯದ ಬೆಡ್ಡಿನ ಕೆಳಗೆ ತುಕ್ಕು ಹಿಡಿದ ಚಾಸಿ ಇರಬಹುದು. 2005ರಿಂದ 2010ರವರೆಗಿನ ಟಕೋಮಾ ಚಾಸಿಗಳ ತುಕ್ಕಿನ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. 2016ರಲ್ಲಿ ಟೊಯೊಟಾ ಇನ್ನೆರಡು ಮಾದರಿಗಳೂ ಸೇರಿ ಸುಮಾರು 15 ಲಕ್ಷ ವಾಹನಗಳ ಬಗ್ಗೆ ರಾಜಿಗೆ ಒಪ್ಪಿತು; ತುಕ್ಕು ಮಿತಿಮೀರಿದ ಗಾಡಿಗಳಿಗೆ ಚಾಸಿಯನ್ನೇ ಬದಲಿಸಿಕೊಡುವುದು ಅದರಲ್ಲಿ ಸೇರಿತ್ತು. ಆ ಹುಡುಗರು ತೋರಿಸಿದ ಗಾಡಿ ಆ ವರ್ಷಗಳದ್ದಾದರೆ ಚಾಸಿ ಬದಲಾಗಿದೆಯೇ ಎಂದು ಕಾಗದ ಕೇಳು.

ಬೆಡ್ ಬಿಚ್ಚುವುದು ಕಷ್ಟದ ಕೆಲಸವಲ್ಲ. ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪ್ ಕೆಟ್ಟಾಗ ಟ್ಯಾಂಕ್ ಇಳಿಸುವುದಕ್ಕಿಂತ ಬೆಡ್ ಎತ್ತುವುದೇ ಸುಲಭವೆಂದು ಇಲ್ಲಿ ಅನೇಕರು ಹಾಗೇ ಮಾಡುತ್ತಾರೆ. ಮಾದರಿಗೆ ತಕ್ಕಂತೆ ಆರೋ ಎಂಟೋ ಬೋಲ್ಟುಗಳು ಬೆಡ್ಡಿನ ನೆಲದಿಂದ ಚಾಸಿಗೆ ಇಳಿದಿರುತ್ತವೆ. ಹಿಂದಿನ ದಿನವೇ ಕೆಳಗಿನಿಂದ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಡು. ಬೋಲ್ಟಿನ ತಲೆಯ ಗುಳಿಯಲ್ಲಿ ಕಲ್ಲಿನಂತೆ ಗಟ್ಟಿಯಾದ ಕೆಸರನ್ನು ಮೊಳೆಯಿಂದ ಕೆದಕಿ ಪೂರ್ತಿ ತೆಗೆ. ಸಾಕೆಟ್ ತಳಕ್ಕೆ ಕೂರದೆ ತಿರುಗಿಸಿದರೆ ತಲೆ ಸವೆಯುತ್ತದೆ, ಆಮೇಲೆ ಅದನ್ನು ಕತ್ತರಿಸದೆ ದಾರಿಯಿಲ್ಲ. ಅಂಥ ಬೋಲ್ಟಿಗೆ ಗ್ಯಾಸ್ ಕಟರ್ ಹಚ್ಚುವ ಅಭ್ಯಾಸವನ್ನು ಬಳ್ಳಾರಿಯಲ್ಲೇ ಬಿಟ್ಟು ಬಾ. ಪೆಟ್ರೋಲ್ ಟ್ಯಾಂಕ್, ಬ್ರೇಕಿನ ಕೊಳವೆ ಎರಡೂ ಪಕ್ಕದಲ್ಲೇ ಇರುತ್ತವೆ.

ಬೋಲ್ಟು ಬಿಚ್ಚುವ ಮೊದಲು ಪೆಟ್ರೋಲ್ ಹಾಕುವ ಬಾಯಿಯ ಸುತ್ತಲಿನ ಸ್ಕ್ರೂ, ಅದರ ಅರ್ಥಿಂಗ್ ವೈರು, ಹಿಂದಿನ ದೀಪಗಳ ಮತ್ತು ಕ್ಯಾಮೆರಾದ ವೈರಿಂಗ್ ಕಳಚು. ಹಿಂಬಾಗಿಲನ್ನು ಮೊದಲೇ ತೆಗೆದಿಟ್ಟರೆ ಭಾರ ಕಡಿಮೆಯಾಗುತ್ತದೆ. ಮೂಲೆಗೊಬ್ಬರಂತೆ ನಾಲ್ವರು ಎತ್ತಿ ಹಿಡಿದರೆ ಐದನೆಯವನು ಗಾಡಿಯನ್ನು ನಿಧಾನವಾಗಿ ಮುಂದಕ್ಕೆ ತೆಗೆಯಬಹುದು. ಬೆಡ್ಡನ್ನು ಮರದ ತುಂಡುಗಳ ಮೇಲೆ ಸಮನಾಗಿ ಇಡಬೇಕು, ಒಂದು ಮೂಲೆ ತೂಗಾಡಬಾರದು. ಮತ್ತೆ ಕೂರಿಸುವಾಗ ಕಾಂಪೋಸಿಟ್‌ಗೆ ಬೋಲ್ಟು ಬಿಗಿಯುವ ಇಂಪ್ಯಾಕ್ಟ್ ಗನ್ ಯಂತ್ರ ಹಿಡಿಯಲೇಬೇಡ. ಕೈಪಿಡಿ ಹೇಳಿದ ಬಿಗಿತಕ್ಕಿಂತ ಹೆಚ್ಚು ಬಿಗಿದರೆ ತೂತಿನ ಸುತ್ತ ಕೂದಲೆಳೆಯ ಬಿರುಕು ಹುಟ್ಟುತ್ತದೆ.

ಇಲ್ಲಿನ ಬದುಕು ಹೇಗೆ ಎಂದು ಕೇಳಿದ್ದೆಯಲ್ಲ, ಅದೂ ಇದರಲ್ಲೇ ಇದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಕೂಗು ಹಾಕಿದರೆ ಮೆಕ್ಯಾನಿಕ್ ಬರುತ್ತಾನೆ. ಇಲ್ಲಿ ಮೆಕ್ಯಾನಿಕ್‌ನ ಗಂಟೆಯ ಕೂಲಿ ಬಿಡಿಭಾಗದ ಬೆಲೆಯನ್ನು ಮೀರಿಸುತ್ತದೆ, ಹಾಗಾಗಿ ಕಾರ್ಮಿಕರೂ ಕಚೇರಿಯವರೂ ರಜೆಯ ದಿನ ತಾವೇ ಪಾನಾ ಹಿಡಿಯುತ್ತಾರೆ. ಬಿಡಿಭಾಗದ ದೊಡ್ಡ ಅಂಗಡಿಗಳು ಠೇವಣಿ ಇಟ್ಟುಕೊಂಡು ಸಲಕರಣೆ ಎರವಲು ಕೊಡುತ್ತವೆ, ಹಿಂತಿರುಗಿಸಿದರೆ ಠೇವಣಿ ವಾಪಸ್. ಬೆಡ್ ಎತ್ತಲು ನೆರೆಯವರನ್ನು ಕೇಳಲು ಸಂಕೋಚ ಬೇಡ. ಕರೆಯದೆ ಯಾರೂ ಬರುವುದಿಲ್ಲ, ಕರೆದರೆ ಕೈಗವಸು ಹಾಕಿಕೊಂಡೇ ಬರುತ್ತಾರೆ. ನನ್ನ ಇಲ್ಲಿನ ಗಟ್ಟಿ ಸ್ನೇಹಗಳು ಇಂಥ ಕೆಲಸದಲ್ಲೇ ಕೂಡಿಬಂದವು. ಒಂಟಿತನ ಜನವರಿಯಲ್ಲಿ ಹೆಚ್ಚು ಕಾಡುತ್ತದೆ, ಆಗ ಕೈಗೆ ಕೆಲಸವಿರಲಿ.

ಉಳಿದವು ಚಿಕ್ಕವು. ವಾಹನ ವಿಮೆ ಮಿಷಿಗನ್‌ನಲ್ಲಿ ಬಹಳ ದುಬಾರಿ. ಗಾಡಿಯ ಬೆಲೆ ಚೌಕಾಸಿ ಮಾಡುವ ಮುನ್ನ ವಿಮೆಯ ದರ ವಿಚಾರಿಸು. ಜೋಳದ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಹೊತ್ತು ತರಬೇಡ. ದಪ್ಪ ಕೋಟು ಇಲ್ಲೇ ಕೊಳ್ಳು.

ಬರುವ ಮುನ್ನ ಒಂದು ದಿನ ನಿಮ್ಮ ಶೆಡ್ಡಿನಲ್ಲಿ ಬಾಡಿ ಇಳಿಸಿದ ಹಳೆಯ ಲಾರಿಯ ಚಾಸಿಯನ್ನು ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ, ಗಟ್ಟಿ ಲೋಹದ ಸದ್ದು ಹೇಗಿರುತ್ತದೆಂದು ಕಿವಿಗೆ ರೂಢಿ ಮಾಡಿಕೋ. ಆ ಹುಡುಗರಿಗೆ ಈಗಲೇ ಹೇಳಿ ಎರಡೂ ಗಾಡಿಗಳ ಫೋಟೋ ತರಿಸು: ಹಿಂದಿನ ಆಕ್ಸಲ್ಲಿನ ಮೇಲಿನ ಚಾಸಿ, ಪಟ್ಟಿ ಸ್ಪ್ರಿಂಗು ತೂಗುವ ಎರಡೂ ತುದಿ, ಸ್ಟೆಪ್ನಿ ಟೈರಿನ ಮೇಲ್ಭಾಗ, ಚಾಸಿಯ ಗುಂಟ ಹೋಗುವ ಬ್ರೇಕ್ ಕೊಳವೆ. ತಂತಿಬ್ರಷ್‌ನಿಂದ ಉಜ್ಜಿದ ಮೇಲೆ ತೆಗೆದ ಫೋಟೋ ಆಗಿರಬೇಕು. ಕಪ್ಪು ಬಣ್ಣ ಹೊಸದಾಗಿ ಬಳಿದಿದ್ದರೆ ಆ ಗಾಡಿಯನ್ನು ಬಿಟ್ಟುಬಿಡು. ಫೋಟೋಗಳನ್ನು ನನಗೂ ನಿಮ್ಮ ತಂದೆಯವರಿಗೂ ಕಳಿಸು. ಅವರು ಸರಿ ಎಂದ ಮೇಲೆ ಮುಂಗಡ ಕೊಡೋಣ.